ಅನ್‌ಮ್ಯಾನೇಜ್ಡ್ ಸ್ವಿಚ್: ಒಂದು ಕಂಪ್ಯೂಟರ್‌ಗೆ ಮಾತ್ರ ವೇಗ ಕಡಿಮೆ ಏಕೆ?

ಪ್ರಶ್ನೆ (ಮಲ್ಪೆ, ಉಡುಪಿ):
ಕೆಳಮಹಡಿಯ ರೂಟರ್‌ನಿಂದ ಮೇಲಿನ ಕೋಣೆಗೆ ಒಂದೇ ಕೇಬಲ್ ಎಳೆದು, ಅಲ್ಲಿ ಐದು ಪೋರ್ಟ್‌ಗಳ ಅನ್‌ಮ್ಯಾನೇಜ್ಡ್ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಒಂದು ಕೇಬಲ್ಲಿನ ಸಂಪರ್ಕವನ್ನು ಹಲವು ಉಪಕರಣಗಳಿಗೆ ಹಂಚುವ ಪೆಟ್ಟಿಗೆ, ಇಟ್ಟು, ಎರಡು ಕಂಪ್ಯೂಟರ್‌ಗಳನ್ನೂ ಟಿವಿಯನ್ನೂ ಜೋಡಿಸಿದ್ದೇನೆ. ಎಲ್ಲವೂ ನಡೆಯುತ್ತಿದ್ದರೂ ಒಂದು ಕಂಪ್ಯೂಟರ್ ಮಾತ್ರ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ತೋರಿಸುತ್ತದೆ. ಸ್ವಿಚ್‌ನಲ್ಲಿ ಏನಾದರೂ ಸೆಟ್ಟಿಂಗ್ ಬದಲಿಸಬೇಕೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಂಗಳೂರು):
ಅನ್‌ಮ್ಯಾನೇಜ್ಡ್ ಎಂದರೆ ಜೋಡಿಸಿದೊಡನೆ ತಾನೇ ಕೆಲಸ ಮಾಡುವಂಥದ್ದು; ಈ ಬಗೆಯ ಸ್ವಿಚ್‌ನಲ್ಲಿ ಬದಲಿಸಲು ಸೆಟ್ಟಿಂಗ್‌ಗಳೇ ಇರುವುದಿಲ್ಲ. ವೇಗವನ್ನು ಎರಡೂ ತುದಿಯ ಉಪಕರಣಗಳು ತಾವೇ ಹೊಂದಿಸಿಕೊಳ್ಳುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿಗಳು ಸಾಕು, ಆದರೆ ಗಿಗಾಬಿಟ್‌ಗೆ ನಾಲ್ಕು ಜೋಡಿಗಳೂ, ಅಂದರೆ ಎಂಟೂ ತಂತಿಗಳು ಸರಿಯಾಗಿ ತಾಗಿರಬೇಕಾದ್ದರಿಂದ, ನನ್ನ ಅನುಮಾನ ಕೇಬಲ್ಲಿನ ಮೇಲೆಯೇ. ಎರಡು ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಅದಲುಬದಲು ಮಾಡಿ ನೋಡಿ. ಕಡಲ ಬದಿಯ ಉಪ್ಪುಗಾಳಿಗೆ ಕನೆಕ್ಟರ್‌ಗೆ ಕಿಲುಬು ಹಿಡಿದಿರಲೂಬಹುದು. ಕೇಬಲ್ ಬದಲಿಸಿದರೂ ಹಾಗೆಯೇ ಇದ್ದರೆ ಆ ಕಂಪ್ಯೂಟರ್‌ನ ಪೋರ್ಟ್ ಗಿಗಾಬಿಟ್ಟೇ ಎಂದು ಪರೀಕ್ಷಿಸಿ.

ಉತ್ತರ 2 (ಮಣಿಪಾಲ):
ವೇಗ ಹೆಚ್ಚಲೆಂದು ರೂಟರ್‌ನಿಂದ ಅದೇ ಸ್ವಿಚ್‌ಗೆ ಎರಡನೆಯ ಕೇಬಲ್ ಹಾಕಬೇಡಿ. ಸಂದೇಶಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಸ್ತಬ್ಧವಾಗಬಹುದು. ನಮ್ಮ ಕಡೆಯ ಸಿಡಿಲನ್ನೂ ಮರೆಯಬೇಡಿ: ಅಂಗಳ ದಾಟಿಸುವ ತಾಮ್ರದ ಕೇಬಲ್ ಅಪಾಯಕಾರಿ, ಅಲ್ಲಿ ವಿದ್ಯುತ್ ಹರಿಸದ ಫೈಬರ್ (ಗಾಜಿನ ಎಳೆಯ ಕೇಬಲ್) ಒಳ್ಳೆಯದು.

ಪ್ರಶ್ನೆ ಕೇಳಿದವರು:
ಅದಲುಬದಲು ಮಾಡಿದಾಗ ನಿಧಾನವೂ ಕೇಬಲ್ಲಿನೊಂದಿಗೇ ಇನ್ನೊಂದು ಕಂಪ್ಯೂಟರ್‌ಗೆ ಹೋಯಿತು. ಗಿಗಾಬಿಟ್‌ಗೆ ಹೊಂದುವ ಕ್ಯಾಟ್ 6 ದರ್ಜೆಯ ಹೊಸ ಕೇಬಲ್ ಹಾಕಿದ ಮೇಲೆ ಎರಡರಲ್ಲೂ 1000 ತೋರಿಸುತ್ತಿದೆ. ಇಬ್ಬರಿಗೂ ಧನ್ಯವಾದಗಳು.