ಸಹಾಯ ಬೇಕು: ಎಲೆಕ್ಟ್ರಿಕ್ ಕಾರು ಈಗಲೇ ತಗೊಳ್ಳೋದಾ, ಕಾಯೋದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ, ಆದರೆ ಇನ್ನೂ ಓಡುತ್ತಿದೆ. ಹಾಗಾಗಿ ಅವಸರವಿಲ್ಲ. ದಿನದ ಓಡಾಟ ಸುಮಾರು 40 ಕಿ.ಮೀ. ಅಷ್ಟಕ್ಕೆ ಯಾವ ಎಲೆಕ್ಟ್ರಿಕ್ ಕಾರಾದರೂ ಸಾಕು.

ತಲೆನೋವು ಇರುವುದು ಚಾರ್ಜಿಂಗ್‌ದು. ನಾವಿರುವುದು ಅಪಾರ್ಟ್‌ಮೆಂಟ್‌ನಲ್ಲಿ. ಪಾರ್ಕಿಂಗ್ ಜಾಗದಲ್ಲಿ ಮಾಮೂಲಿ ಪ್ಲಗ್ ಪಾಯಿಂಟ್ ಹಾಕಿಸಲು ಒಪ್ಪಿದ್ದಾರೆ. ವಾಲ್ ಚಾರ್ಜರ್ (ಗೋಡೆಗೆ ಕೂರಿಸುವ, ಬೇಗ ತುಂಬಿಸುವ ಚಾರ್ಜರ್) ಬಗ್ಗೆ ಮಾತ್ರ ಚರ್ಚೆ ಮುಗಿಯುತ್ತಲೇ ಇಲ್ಲ (ಮೀಟಿಂಗ್ ಅಂದರೆ ಗೊತ್ತಲ್ಲ!). ಪ್ಲಗ್‌ನಿಂದ ಗಂಟೆಗೆ 3 ಯೂನಿಟ್ ಸಿಕ್ಕರೂ 45 ಯೂನಿಟ್‌ನ ಖಾಲಿ ಬ್ಯಾಟರಿ ತುಂಬಲು 15 ಗಂಟೆಗಿಂತ ಜಾಸ್ತಿ ಬೇಕು. ಆದರೆ 40 ಕಿ.ಮೀ.ಗೆ ಖರ್ಚಾಗುವುದು 6-7 ಯೂನಿಟ್ ಅಷ್ಟೇ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆಯೊಳಗೆ ಭರ್ತಿ ಆಗಬೇಕು, ಅಲ್ವಾ? ಬರೀ ಪ್ಲಗ್ ನಂಬಿಕೊಂಡು ಓಡಿಸುವವರು ಇಲ್ಲಿ ಯಾರಾದರೂ ಇದ್ದೀರಾ? ಗಂಟೆಗಟ್ಟಲೆ ಹಾಕಿಟ್ಟಾಗ ಪ್ಲಗ್, ವೈರ್ ಬಿಸಿಯಾಗುತ್ತಾ?

ಇನ್ನು ಬ್ಯಾಟರಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ: ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್), ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್). ಎಲ್‌ಎಫ್‌ಪಿ ಆದರೆ 100% ತುಂಬಿಸಿದರೂ ಅಷ್ಟು ಚಿಂತೆಯಿಲ್ಲ, ಎನ್‌ಎಂಸಿ ಆದರೆ ದಿನಬಳಕೆಗೆ 80% ಹತ್ತಿರ ನಿಲ್ಲಿಸುವುದು ಒಳ್ಳೆಯದು ಅಂತ ಓದಿದ್ದೇನೆ. ಹಾಗಾದರೆ ರೇಂಜ್ (ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ) ಲೆಕ್ಕ ಹಾಕುವಾಗಲೇ ಐದರಲ್ಲಿ ಒಂದು ಪಾಲು ಕಳೆಯಬೇಕಾ? ಹೈವೇಯಲ್ಲಿ 100ರ ವೇಗದಲ್ಲಿ, ಎಸಿ ಹಾಕಿಕೊಂಡು ಹೋದಾಗ ನಿಮಗೆ ನಿಜಕ್ಕೂ ಎಷ್ಟು ಸಿಗುತ್ತಿದೆ? ಬ್ರೋಷರ್‌ನ ಲೆಕ್ಕ ಬೇಡ, ಮೀಟರ್ ನೋಡಿ ಹೇಳಿ.

"ಕಾದರೆ ಇನ್ನೂ ಒಳ್ಳೆ ಬ್ಯಾಟರಿ ಬರುತ್ತೆ" ಅನ್ನೋ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅದು ಪ್ರತಿ ವರ್ಷವೂ ನಿಜವೇ. ಆದರೆ ವಾಲ್ ಚಾರ್ಜರ್ ಸಿಗುವವರೆಗೆ ಕಾಯಬೇಕಾ ಅನ್ನೋದು ನಿಜವಾದ ಪ್ರಶ್ನೆ. ಸೆಕೆಂಡ್ ಹ್ಯಾಂಡ್ ತಗೊಂಡವರಿದ್ದರೆ, ಬ್ಯಾಟರಿಯ ಆರೋಗ್ಯ ಹೇಗೆ ಪರೀಕ್ಷೆ ಮಾಡಿಸಿದಿರಿ ಅಂತಲೂ ದಯವಿಟ್ಟು ತಿಳಿಸಿ.