ಬಿಯಾಂಡ್ ದ ಪೇಲ್: ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಅನುವಾದ ತಿದ್ದೋಕೆ ಕೂತಿದ್ದೆ, ಇಂಗ್ಲಿಷ್ ಮೂಲದಲ್ಲಿ ಒಬ್ಬನ ನಡವಳಿಕೆ 'ಬಿಯಾಂಡ್ ದ ಪೇಲ್' (ಅಂದ್ರೆ ಸಭ್ಯತೆಯ ಎಲ್ಲೆ ದಾಟಿದ್ದು, ಒಪ್ಪೋಕೇ ಆಗದ್ದು) ಅಂತಿತ್ತು, ಅನುವಾದ ಮಾಡಿದವ್ರು 'ಅವನ ವರ್ತನೆ ತೀರಾ ಪೇಲವವಾಗಿತ್ತು' ಅಂತ ಬರ್ದಿದ್ರು. ನಗು ಬಂತು, ಆದ್ರೆ ಬೈಯೋಕೆ ಮನಸ್ಸಾಗ್ಲಿಲ್ಲ, ಬಣ್ಣಗೆಟ್ಟ ಪೇಲ್‌ಗೂ ಇದಕ್ಕೂ ಸ್ಪೆಲಿಂಗ್ ಒಂದೇ ಅಲ್ವಾ. (ನಮ್ಮ ಪೇಲವ ಸಂಸ್ಕೃತದ್ದು, ಹಳೇ ಅರ್ಥ ನವಿರಾದದ್ದು, ಮೆತ್ತಗಿನದು ಅಂತ. ಇಂಗ್ಲಿಷಿನ ಜೊತೆ ದನಿ ಕೂಡಿದ್ದು ಬರೀ ಕಾಕತಾಳೀಯ.)

ಇಲ್ಲಿರೋ ಪೇಲ್ ಅಂದ್ರೆ ಗೂಟ. ಲ್ಯಾಟಿನ್ನಿನ ಪಾಲುಸ್‌ನಿಂದ ಬಂದದ್ದು, ಪೋಲ್, ಇಂಪೇಲ್, ಪ್ಯಾಲಿಸೇಡ್ ಎಲ್ಲ ಅದೇ ಮನೆಯವು. ಗೂಟದಿಂದ ಬೇಲಿ, ಬೇಲಿಯಿಂದ ಅದರೊಳಗಿನ ಸೀಮೆ ಅಂತ ಅರ್ಥ ಬೆಳೀತು. ಐರ್ಲೆಂಡಿನ ಡಬ್ಲಿನ್ ಸುತ್ತ ಇಂಗ್ಲಿಷರ ಆಳ್ವಿಕೆ ನಡೀತಿದ್ದ ಜಾಗಕ್ಕೆ ಪೇಲ್ ಅಂತಿದ್ರು, ರಷ್ಯಾದಲ್ಲಿ 1791ರಿಂದ 1917ರವರೆಗೆ ಯಹೂದಿಗಳು ಇಷ್ಟರೊಳಗೇ ಇರ್ಬೇಕು ಅಂತ ಗೊತ್ತುಮಾಡಿದ್ದ ಪ್ರದೇಶಕ್ಕೂ ಇಂಗ್ಲಿಷಲ್ಲಿ ಅದೇ ಹೆಸರು. ನುಡಿಗಟ್ಟು ಡಬ್ಲಿನ್ನಿನ ಪೇಲಿಂದಲೇ ಹುಟ್ತು ಅನ್ನೋ ಕತೆಗೆ ಮಾತ್ರ ಗಟ್ಟಿ ಆಧಾರ ಇಲ್ಲ.

ಈಗ ಕನ್ನಡಕ್ಕೆ ಬರೋಣ. 'ಬೇಲಿ ದಾಟಿದ' ಬೇಡ, ನಮ್ಮಲ್ಲಿ ಬೇಲಿ ಹಾರೋದು ಅಂದ್ರೆ ಆ ಕತೆನೇ ಬೇರೆ. 'ಮಿತಿಮೀರಿದ' ಅಂದ್ರೆ ಜಾಸ್ತಿ ಆಯ್ತು ಅಂತಷ್ಟೇ, ಸೆಕೆನೂ ಮಿತಿಮೀರುತ್ತೆ. 'ಮೇರೆ ಮೀರಿದ' ಅಂದ್ರೆ ಹಿಂದೇನೇ ಸಂತೋಷ ಅಂತ ಬಾಯಿಗೆ ಬರುತ್ತೆ. 'ಹದ್ದುಮೀರಿದ' ಹತ್ರ ಬರುತ್ತೆ, ಬೈಗುಳದ ಬಿಸಿನೂ ಇದೆ, ಆದ್ರೆ ನನ್ನ ಕಿವಿಗೆ ಅದು ದೊಡ್ಡೋರು ಚಿಕ್ಕೋರನ್ನ ಗದರಿಸಿ ಮತ್ತೆ ಒಳಗೆ ಕರ್ಕೊಳ್ಳೋ ಮಾತು, ಬಿಯಾಂಡ್ ದ ಪೇಲ್ ಅಂದಾಗ ಇವನನ್ನ ನಮ್ಮೊಳಗೆ ಸೇರಿಸ್ಕೊಳ್ಳೋ ಹಾಗೇ ಇಲ್ಲ ಅನ್ನೋ ಧ್ವನಿ ಇರುತ್ತೆ.

ಆಮೇಲೆ ಹೊಳೆದದ್ದು ಮರ್ಯಾದೆ. ಸಂಸ್ಕೃತದಲ್ಲಿ ಮರ್ಯಾದಾ ಅಂದ್ರೆ ಎಲ್ಲೆ, ಗಡಿ, ಹಾಗೇ ಆ ಎಲ್ಲೆಯೊಳಗೆ ನಡ್ಕೊಳ್ಳೋ ರೀತಿನೂ ಹೌದು, ನಮ್ಮ ಮಾತಲ್ಲಿ ಈಗ ಬರೀ ಗೌರವ ಆಗಿದೆ. ಇಂಗ್ಲಿಷಲ್ಲಿ ಗೂಟ ಸಜ್ಜನಿಕೆಯ ಗೆರೆ ಆಯ್ತು, ಇಲ್ಲಿ ಗಡಿನೇ ಹಾಗಾಯ್ತು. 'ಅವನ ನಡತೆ ಮರ್ಯಾದೆ ಮೀರಿದ್ದು' ಅಂತ ಬರೆದ್ರೆ ಓದೋರಿಗೆ ಆ ಎಲ್ಲೆ ಕಾಣುತ್ತಾ, ಇಲ್ಲ ಯಾರಿಗೋ ಮರ್ಯಾದೆ ಕೊಡ್ಲಿಲ್ಲ ಅಂತಷ್ಟೇ ತಿಳ್ಕೋತಾರಾ? ತಿಳಿದೋರು ಹೇಳಿ. ಸದ್ಯಕ್ಕೆ 'ಸಹಿಸೋ ಎಲ್ಲೆ ದಾಟಿತ್ತು' ಅಂತ ಪೆನ್ಸಿಲ್ಲಲ್ಲಿ ಬರ್ದಿಟ್ಟಿದ್ದೀನಿ, ಅದು ನೋಡಿದ್ರೆ ನಿಜವಾಗ್ಲೂ ಪೇಲವ.