ಲಾಗಿನ್ ಆಗದ ಓದುಗರಿಗೆ ವಿಕಿಯ ಹಳೆಯ ಪಠ್ಯವೇ ಕಾಣುತ್ತಿದೆ

ಪ್ರಶ್ನೆ (ಕಾರವಾರ)

ನಮಸ್ಕಾರ. ಕರಾವಳಿಯ ಮೀನುಗಾರಿಕೆ ಮತ್ತು ತೋಟಗಾರಿಕೆಯ ಮಾಹಿತಿಗಾಗಿ ನಾವು ಕೆಲವರು ಸೇರಿ ಮೀಡಿಯಾವಿಕಿಯಲ್ಲಿ (ವಿಕಿಪೀಡಿಯ ಬಳಸುವ ತಂತ್ರಾಂಶ) ಸಣ್ಣದೊಂದು ವಿಕಿ ನಡೆಸುತ್ತಿದ್ದೇವೆ. ಮಳೆಗಾಲದ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಎಂದಿದ್ದುದನ್ನು ಯಾರೋ ತಪ್ಪಾಗಿ ತಿದ್ದಿದ ಮೇಲೆ, ಫ್ಲ್ಯಾಗ್ಡ್‌ರೆವ್ಸ್ ಎಂಬ, ತಿದ್ದುಪಡಿಗಳನ್ನು ಪರಿಶೀಲಿಸಿ ಒಪ್ಪುವ ಸೌಲಭ್ಯ ಕೊಡುವ ವಿಸ್ತರಣೆಯನ್ನು (ಹೆಚ್ಚುವರಿ ತಂತ್ರಾಂಶ) ಅಳವಡಿಸಿದೆವು. ಈಗ ಹೊಸ ತಿದ್ದುಪಡಿಗಳು ಲಾಗಿನ್ ಆದವರಿಗೆ ಕಾಣುತ್ತವೆ, ಉಳಿದವರಿಗೆ ಹಳೆಯ ಪಠ್ಯವೇ ಬರುತ್ತದೆ. ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಪುಟದ ಪ್ರತಿ) ತೆರವುಗೊಳಿಸಿದರೂ ಬದಲಾಗಲಿಲ್ಲ. ಪರಿಶೀಲಿಸುವವರು ನಮ್ಮಲ್ಲಿ ತೀರ ಕಡಿಮೆ. ದಾರಿ ತಿಳಿಸುವಿರಾ?

ಉತ್ತರ (ಶಿರಸಿ)

ಇದು ಕ್ಯಾಶ್‌ನ ದೋಷವಲ್ಲ. ‘ಓವರ್‌ರೈಡ್’ ಎಂಬ, ಆ ವಿಸ್ತರಣೆಯ ಆಯ್ಕೆ ಚಾಲೂ ಇದ್ದಾಗ ಸಾಮಾನ್ಯ ಓದುಗರಿಗೆ ಕೊನೆಯದಾಗಿ ಪರಿಶೀಲಿಸಿದ ಆವೃತ್ತಿಯೇ ಕಾಣುತ್ತದೆ. ನೀವಾಗಿ ಬದಲಿಸದಿದ್ದರೆ ಅದು ಚಾಲೂ ಇರುತ್ತದೆ. ಲಾಗಿನ್ ಆದ ಸದಸ್ಯರಿಗೆ ಇದರಿಂದ ವಿನಾಯಿತಿ ಇರುವುದರಿಂದ ಅವರಿಗೆ ಇತ್ತೀಚಿನ ಪಠ್ಯ ಸಿಗುತ್ತದೆ. ಜರ್ಮನ್ ವಿಕಿಪೀಡಿಯ 2008ರಿಂದ ಎಲ್ಲ ಲೇಖನಗಳಿಗೂ ಈ ಕ್ರಮವನ್ನೇ ಅನುಸರಿಸುತ್ತಿದೆ. ಅಲ್ಲಿ ಪರಿಶೀಲಕರ ಸಂಖ್ಯೆ ದೊಡ್ಡದು. ಪರಿಶೀಲಕರು ಕಡಿಮೆ ಇರುವ ವಿಕಿಗೆ ಅದೇ ಕ್ರಮವನ್ನು ತಂದರೆ ಒಳ್ಳೆಯ ತಿದ್ದುಪಡಿಗಳೂ ವಾರಗಟ್ಟಲೆ ಮರೆಯಲ್ಲಿ ಉಳಿಯುತ್ತವೆ, ತನ್ನ ಬರಹ ಕಾಣಲಿಲ್ಲವೆಂದು ಹೊಸಬರು ಮತ್ತೆ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ತಪ್ಪು ದಿನಾಂಕಕ್ಕಿಂತ ದೊಡ್ಡ ನಷ್ಟ.

ಆದ್ದರಿಂದ ವಿಕಿಯ ಸೆಟ್ಟಿಂಗ್‌ಗಳಿರುವ ಲೋಕಲ್‌ಸೆಟ್ಟಿಂಗ್ಸ್ ಕಡತದಲ್ಲಿ, ವಿಸ್ತರಣೆಯನ್ನು ಲೋಡ್ ಮಾಡುವ ಸಾಲಿನ ಕೆಳಗೆ, ‘ಓವರ್‌ರೈಡ್’ ಮೌಲ್ಯವನ್ನು ‘ಫಾಲ್ಸ್’ (ಅಂದರೆ ಚಾಲೂ ಇಲ್ಲ) ಮಾಡಿರಿ. ಆಮೇಲೆ ತಪ್ಪಾದರೆ ಜನರಿಗೆ ಹಾನಿಯಾಗುವ ಪುಟಗಳಿಗೆ ಮಾತ್ರ, ನಿರ್ವಾಹಕರು ಪುಟದ ಸ್ಥಿರತೆಯ ಸೆಟ್ಟಿಂಗ್‌ನಲ್ಲಿ ಪರಿಶೀಲಿತ ಆವೃತ್ತಿಯನ್ನು ಆರಿಸಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಿಯೂ ಆಯ್ದ ಪುಟಗಳಿಗಷ್ಟೇ ಇಂಥ ರಕ್ಷಣೆ ಇದೆ. ನಿಮ್ಮಲ್ಲಿ ನಿಷೇಧದ ಅವಧಿಯ ಪುಟ ಅಂಥದ್ದು. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಅಳತೆಯನ್ನು ಯಾರಾದರೂ ಬದಲಿಸಿದರೆ ಓದಿದವರ ತೋಟವೇ ಹಾಳಾಗುವುದರಿಂದ ಅದೂ ಇದೇ ಪಟ್ಟಿಗೆ ಸೇರಬೇಕು. ಊರಿನ ಜಾತ್ರೆಯ ಪುಟಕ್ಕೆ ಇದರ ಅಗತ್ಯವಿಲ್ಲ.

ಒಂದು ಎಚ್ಚರಿಕೆ: ಆ ಪುಟದ ಒಂದು ಆವೃತ್ತಿಯನ್ನಾದರೂ ಮೊದಲು ಪರಿಶೀಲಿಸಿರಬೇಕು. ಇಲ್ಲದಿದ್ದರೆ ಸೆಟ್ಟಿಂಗ್ ಏನೇ ಇದ್ದರೂ ಇತ್ತೀಚಿನ ಪಠ್ಯವೇ ಕಾಣುತ್ತದೆ.

ಮರುಪ್ರಶ್ನೆ (ಕಾರವಾರ)

ನೀವು ಹೇಳಿದಂತೆ ಮಾಡಿದೆವು, ಈಗ ಸರಿಯಾಗಿದೆ. ಆದರೆ ರಕ್ಷಿತ ಪುಟವನ್ನು ಸಂಪಾದಿಸಲು ಹೋದ ಓದುಗರೊಬ್ಬರು, ತಾವು ಓದಿದ ಪಠ್ಯವೇ ಬೇರೆ, ಸಂಪಾದನೆಯಲ್ಲಿ ತೆರೆದ ಪಠ್ಯವೇ ಬೇರೆ ಎನ್ನುತ್ತಿದ್ದಾರೆ.

ಉತ್ತರ (ಶಿರಸಿ)

ಅದು ಸಹಜವೇ. ಸಂಪಾದನೆ ಯಾವಾಗಲೂ ಇತ್ತೀಚಿನ ಆವೃತ್ತಿಯ ಮೇಲೆಯೇ ನಡೆಯುತ್ತದೆ, ಇಲ್ಲವಾದರೆ ನಡುವೆ ಬಂದ ಇತರರ ತಿದ್ದುಪಡಿಗಳು ಅಳಿಸಿಹೋಗುತ್ತಿದ್ದವು. ಬಾಕಿ ಇರುವ ಬದಲಾವಣೆಗಳನ್ನು ಪರಿಶೀಲಿಸಿ ಒಪ್ಪಿದರೆ, ಅಥವಾ ತಪ್ಪಿದ್ದಲ್ಲಿ ಹಿಂದಿರುಗಿಸಿದರೆ, ಎರಡೂ ಒಂದೇ ಆಗುತ್ತವೆ.